ಒಡೆದ ಗಾಜಿನ ಪಟ್ಟಿ

ಹೊಸದಾಗಿ ಕೆಲಸಕ್ಕೆ ಸೇರಿದ್ದ ಎಂಜಿನಿಯರ್ ಜೀವಿತಾ, ಕಟ್ಟಡಗಳ ಬಿರುಕು ಪರೀಕ್ಷಿಸುವ ಹಿರಿಯ ಹಾಲಪ್ಪನವರನ್ನು ಮೊದಲು ಕಂಡದ್ದು ಕೊಚ್ಚಿಯ ವೈಟ್ಟಿಲದ ಒಂದು ಮೂರಂತಸ್ತಿನ ಕಟ್ಟಡದಲ್ಲಿ, ಮಂಗಳವಾರ ಬೆಳಿಗ್ಗೆ. ಮೆಟ್ಟಿಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಗೋಡೆಯ ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ತೆಳು ಗಾಜಿನ ಪಟ್ಟಿಯಿಟ್ಟು, ಅದರ ಎರಡೂ ತುದಿಗೆ ಪ್ಲಾಸ್ಟರ್ ಮೆತ್ತುತ್ತಿದ್ದರು. ಹುಬ್ಬಿನ ಮೇಲೆ ಬಿಳಿ ಪುಡಿ. ಪಕ್ಕದಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆದು ಮುಗಿಸಿದ ಮೇಲೇ ತಿರುಗಿದರು.

"ಯಾವ ಊರು, ತಂಗಿ?"

"ನಾಗಮಂಗಲದ ಹತ್ರ, ಸಾರ್."

"ನಂದು ಕೊಪ್ಪಳ. ನಮ್ಮಲ್ಲಿ ಬುನಾದಿ ತೋಡಿದ್ರ ಕಲ್ಲುಬಂಡಿ ಸಿಗ್ತದ, ಇಲ್ಲಿ ಬರೇ ಕೆಸರು."

ಪಕ್ಕದ ಸೈಟಿನಲ್ಲಿ ಆಳವಾದ ಗುಂಡಿ ತೋಡಿ, ಹಗಲೂ ರಾತ್ರಿ ನೀರು ಪಂಪ್ ಮಾಡುತ್ತಿದ್ದರು. ನೀರು ಹೋದ ಮಣ್ಣು ಕುಗ್ಗಿ, ಕಟ್ಟಡದ ಆ ಮೂಲೆ ಕುಸಿಯತೊಡಗಿತ್ತು.

"ಇಡೀ ಮನಿ ಒಂದೇ ಸಮ ಇಳದ್ರ ಅಷ್ಟು ಅಂಜಿಕಿ ಇಲ್ಲ. ಒಂದು ಮೂಲಿ ಇಳದು ಇನ್ನೊಂದು ನಿಂತ್ರ ಗೋಡಿ ಸೀಳ್ತದ. ಗಾಜು ಹಿಗ್ಗೂದಿಲ್ಲ ನೋಡ್ರಿ, ಗೋಡಿ ಕೂದಲೆಳಿ ಸರದ್ರೂ ತಾನು ಒಡದು ಹೇಳಿಬಿಡ್ತದ."

ಗುರುವಾರ ಹೋದಾಗ ಗಾಜು ಎರಡು ತುಂಡಾಗಿತ್ತು.

"ನನ್ನ ಪೊರಕೆ ತಾಗಿರಬೇಕು," ಎಂದರು ಕೆಳಮನೆಯ ಮೇರಿ, ಎಲ್ಲರ ಚೇಚ್ಚಿ, ಅಂದರೆ ಅಕ್ಕ. ಉಳಿದವರೆಲ್ಲ ಆಗಲೇ ಮನೆ ಖಾಲಿ ಮಾಡಿದ್ದರು.

ಜೀವಿತಾ ಚೀಲದಿಂದ ಹೊಸ ಪಟ್ಟಿ ತೆಗೆದಳು. ಹಾಲಪ್ಪ ಅವಳ ಕೈ ಹಿಡಿದರು.

"ಬ್ಯಾಡ ತಂಗಿ. ಹನ್ನೆರಡು ವರ್ಷದ ಹಿಂದ ಫೋರ್ಟ್ ಕೊಚ್ಚಿಯೊಳಗ ಇದನ್ನೇ ಮಾಡಿದ್ದೆ. ನಿರ್ಮಲ ಅಂತ, ಆ ಮನಿಯಾಕಿ, 'ಬೆಕ್ಕು ಜಿಗೀತು' ಅಂದ್ಲು. ನಂಬಿ ಹೊಸಾದು ಹಚ್ಚಿ ಬಂದೆ. ಮೂರನೇ ದಿನ ಗೋಡಿ ಬಿತ್ತು. ಆಕಿ ಒಳಗಿದ್ಲು."

ಆಮೇಲೆ ಅವರು ಮನೆ ಬಿಡಲೊಪ್ಪದ ಮೇರಿಯ ಹೊಸ್ತಿಲ ಮುಂದೆ ಕೂತುಬಿಟ್ಟರು.

"ಇಲ್ಲೇ ಕೂತರೆ ಗೋಡೆ ಮೊದಲು ನಿಮ್ಮ ಮೇಲೇ ಬೀಳೋದು!" ಮೇರಿ ಮಲಯಾಳದಲ್ಲಿ ರೇಗಿದರು.

"ಬೀಳಲಿ ಚೇಚ್ಚಿ. ನೀವು ಹೊರಡುವವರೆಗೂ ನಾನು ಏಳುವುದಿಲ್ಲ," ಎಂದರು ಅವರೂ ಮಲಯಾಳದಲ್ಲೇ.

ಮಧ್ಯಾಹ್ನದವರೆಗೂ ಏಳಲಿಲ್ಲ. ಕೊನೆಗೆ ಮೇರಿ ಬೈಯುತ್ತಲೇ ಬಟ್ಟೆಬರೆ ಕಟ್ಟಿಕೊಂಡು, ಕಳಮಶ್ಶೇರಿಯ ತಂಗಿಯ ಮನೆಗೆ ಆಟೋ ಹತ್ತಿದರು.

ಶನಿವಾರ ಹಾಡಹಗಲೇ ಆ ಮೂಲೆ ಕುಸಿಯಿತು. ಎಲ್ಲರೂ ಹಾಲಪ್ಪನವರನ್ನು ಹೊಗಳಿದರು. ಅವರ ಕಿವಿಗೆ ಅದು ಬಿದ್ದಂತಿರಲಿಲ್ಲ. ಧೂಳಿನ ಮುಂದೆ ನಿಂತು ಜೀವಿತಾಳನ್ನು ಮೂರು ಸಲ ಕೇಳಿದರು: "ಒಳಗ ಯಾರೂ ಇರಲಿಲ್ಲಲ್ಲ?" ಅವಳು ಮೇರಿಗೆ ಫೋನ್ ಹಚ್ಚಿ ದನಿ ಕೇಳಿಸಿದ ಮೇಲೂ ಅವರ ಕಣ್ಣು ಆ ಇಟ್ಟಿಗೆಗಳ ಮೇಲೇ ಇತ್ತು.

ಈಗ ಹಾಲಪ್ಪ ವರ್ಗವಾಗಿ ತಿರುವನಂತಪುರದಲ್ಲಿದ್ದಾರೆ. ಹಳೆಯ ಕಟ್ಟಡಗಳ ಬಿರುಕುಗಳಿಗೆ ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದು, ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಾರೆ.