ಗುಡಿಸಿದ ಹೊಲ

ಮಾಕಳಿದುರ್ಗದ ಬೆಟ್ಟ ಇನ್ನೂ ಮಂಜಿನೊಳಗಿತ್ತು, ಅದರ ತಲೆ ಮಾತ್ರ ತೇಲುತ್ತಿತ್ತು. ನಾನು ನಮ್ಮ ರಾಗಿ ಹೊಲದ ಬದುವಿನ ಮೇಲೆ ಕೂತು ದಾರಿ ನೋಡುತ್ತಿದ್ದೆ. ಅವತ್ತು ಗುಂಪಿನವರು ನಮ್ಮಲ್ಲಿಗೆ ಬರುವ ಸರದಿ.

ಗುಂಪು ಅಂದರೆ ಬೇರೆ ಯಾರೂ ಅಲ್ಲ, ರೈತರೇ. ಸಮೇತನಹಳ್ಳಿಯವರು, ಬೂದಿಗೆರೆಯವರು, ಇನ್ನೂ ಎಲ್ಲೆಲ್ಲಿಯವರೋ. ಅಂಗಡಿ ಗೊಬ್ಬರ ಬಿಟ್ಟು, ಸೊಪ್ಪು ಸದೆಯಿಂದಲೇ ಮಣ್ಣಿಗೆ ಜೀವ ತುಂಬುವುದು ಹೇಗೆಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಫೋನಿನಲ್ಲಿ ಫೋಟೋ ಕಳಿಸುತ್ತಾರೆ, ಸರದಿಯಂತೆ ಒಬ್ಬರ ಹೊಲಕ್ಕೆ ಎಲ್ಲರೂ ಹೋಗುತ್ತಾರೆ. ಅವರದೊಂದು ಕಟ್ಟಳೆಯಿದೆ. ಹೊಲದವರು ಕೆಟ್ಟಿದ್ದನ್ನು ಮೊದಲು ತೋರಿಸಬೇಕು, ಚೆನ್ನಾಗಿ ಬಂದದ್ದನ್ನು ಆಮೇಲೆ.

ನನ್ನ ಮೊಮ್ಮಗಳು ಈ ಗುಂಪು ಸೇರಿ, ಅಪ್ಪನನ್ನು ಕಾಡಿ ಬೇಡಿ ಈ ಹೊಲ ಇಸಿದುಕೊಂಡಿದ್ದಳು. "ಒಂದೇ ಬೆಳೆ. ಕೈಗೆ ಬರ್ದಿದ್ರೆ ನೀಲಗಿರಿ ನೆಡ್ತೀನಿ" ಎಂದಿದ್ದ ನನ್ನ ಮಗ. ಅವಳು ರಾಗಿಯ ನಡುನಡುವೆ ಅವರೆ ಸಾಲು ಹಾಕಿ, ಮಣ್ಣು ಕಾಣದಂತೆ ಹೊಂಗೆ ಸೊಪ್ಪು ಹೊದಿಸಿ, ಪರೀಕ್ಷೆಗೆಂದು ಕಾಲೇಜಿಗೆ ಹೋದಳು. ಮಳೆ ಕೈಕೊಟ್ಟಿತು. ಮಗ ಆಗಲೇ ನೀಲಗಿರಿ ಸಸಿಗೆ ಹೇಳಿಬಿಟ್ಟಿದ್ದ.

ನೆಂಟರು ಬರುತ್ತಾರೆಂದರೆ ಅಂಗಳ ಗುಡಿಸದ ಮನೆಯುಂಟೆ? ನಮ್ಮ ಯಜಮಾನರು ಹೊಲವನ್ನೇ ಗುಡಿಸಿಬಿಟ್ಟಿದ್ದರು! ಸರದಿ ನಮ್ಮದೆಂದು ತಿಳಿದ ದಿನದಿಂದ ಪೊರಕೆ ಹಿಡಿದು, ಸೊಪ್ಪನ್ನೆಲ್ಲ ಬದುವಿಗೆ ಗುಡ್ಡೆ ಹಾಕಿದ್ದರು. ಹಿಂದಿನ ಸಂಜೆ ನಾನು ಮಗಳ ಮನೆಯಿಂದ ಬಂದು ನೋಡಿದರೆ ಅರ್ಧ ಹೊಲ ಬೋಳು. ಇನ್ನರ್ಧ ಉಳಿದದ್ದು ಅವರ ಮಂಡಿನೋವಿನ ಪುಣ್ಯ.

ಗುಂಪಿನವರ ಟೆಂಪೋದಿಂದಲೇ ಮೊಮ್ಮಗಳೂ ಇಳಿದಳು. ಬೋಳು ಸಾಲು ಕಂಡದ್ದೇ ನಿಂತುಬಿಟ್ಟಳು.

"ಯಾಕ್ ತಾತ ಹಿಂಗ್ಮಾಡ್ದೆ?"

"ನಾಕ್ ಜನ ಬರೋ ಜಾಗ ಕಣವ್ವ. ಕಸ ಬಿದ್ದಿದ್ರೆ ಏನಂದ್ಕೊತಾರೆ?"

ನನ್ನ ಮಗ ಕೈಕಟ್ಟಿ ನೋಡುತ್ತಿದ್ದ. ಮೊಮ್ಮಗಳು ಕಣ್ಣೊರೆಸಿಕೊಂಡಳು. ಕಟ್ಟಳೆ ಕಟ್ಟಳೆಯೇ. ಎಲ್ಲರನ್ನೂ ಮೊದಲು ಅಲ್ಲಿಗೇ ಕರೆದೊಯ್ದಳು.

"ಕೆಟ್ಟಿರೋದು ಇದು. ನಮ್ಮ ತಾತ ಗುಡಿಸವ್ರೆ."

"ರಂಗೋಲಿ ಒಂದು ಹಾಕೋದು ಮರ್ತ್ಬಿಟ್ಟಿದ್ದೀರಲ್ಲಣ್ಣ!" ಎಂದಳು ಸಮೇತನಹಳ್ಳಿಯ ಹೆಂಗಸು. ನಗುವೋ ನಗು. ಯಜಮಾನರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ನಕ್ಕು ಮುಗಿದ ಮೇಲೆ ಎಲ್ಲರೂ ಬಗ್ಗಿದರು. ಗುಡಿಸಿದ ಕಡೆ ಮಣ್ಣು ಹಪ್ಪಳದಂತೆ ಸೆಟೆದಿತ್ತು, ರಾಗಿಯ ಗರಿ ಸುರುಟಿತ್ತು. ಪಕ್ಕದಲ್ಲೇ, ಸೊಪ್ಪಿನ ಕೆಳಗೆ ಕೈಯಿಟ್ಟರೆ ತಂಪು. ಎಂದೋ ಬಂದ ಮಳೆಯ ವಾಸನೆ ಅಲ್ಲೇ ಮಲಗಿತ್ತು. ಎರೆಹುಳುವೊಂದು ನಿದ್ದೆಗಣ್ಣಿನಲ್ಲಿದ್ದಂತೆ ಹೊರಳಿತು. ರಾಗಿ ಹಸಿರಾಗಿ ತೂಗುತ್ತಿತ್ತು. ಹೊಲ ಉಸಿರಾಡುವುದು ನನಗೆ ಕೇಳಿಸಿದಂತಾಯಿತು.

"ಒಂದೇ ಹೊಲ, ಒಂದೇ ಬಿತ್ತನೆ. ಎರಡೂ ಹಿಂಗೆ ಅಕ್ಕಪಕ್ಕ ನಾವು ಎಲ್ಲೂ ನೋಡಿರ್ಲಿಲ್ಲ ಬಿಡಿ" ಎನ್ನುತ್ತ ಬೂದಿಗೆರೆಯವರು ಫೋಟೋ ಹೊಡೆದರು.

ನನ್ನ ಮಗ ಆ ಕಡೆಯದೊಂದು ಹಿಡಿ, ಈ ಕಡೆಯದೊಂದು ಹಿಡಿ ಮಣ್ಣು ಹಿಡಿದು ಬಹಳ ಹೊತ್ತು ಕುಕ್ಕರುಗಾಲಲ್ಲೇ ಕೂತಿದ್ದ.

"ನೀಲಗಿರಿ ಸಸಿ ಬ್ಯಾಡ ಅಂತ ಫೋನ್ ಮಾಡ್ತೀನಿ" ಎಂದ.

"ಎಷ್ಟು ಬೆಳೆವರ್ಗೂ ಅಪ್ಪ?"

"ನೀನು ಸಾಕು ಅನ್ನೋವರ್ಗೂ ಕಣವ್ವ."

ನನಗೆ ಅಳುವೋ ನಗುವೋ. ಬಂದವರಿಗೆಲ್ಲ ಎರಡೆರಡು ಸಲ ಮಜ್ಜಿಗೆ ಕೊಟ್ಟೆನಂತೆ, ನೆನಪೇ ಇಲ್ಲ.

ಮಂಜು ಕರಗಿ ಬೆಟ್ಟ ನೆಲಕ್ಕಿಳಿಯಿತು. ಎಲ್ಲಿ ಇವರು ಎಂದು ತಿರುಗಿದರೆ, ಯಜಮಾನರು ಬದುವಿನ ಗುಡ್ಡೆಯಿಂದ ಮಂಕರಿ ತುಂಬಿಕೊಂಡು, ಕುಂಟುತ್ತಾ ಬೋಳು ಸಾಲಿಗೆ ಸೊಪ್ಪು ಹಾಸುತ್ತಿದ್ದರು, ಮಲಗಿದ ಮಗುವಿಗೆ ದುಪ್ಪಟಿ ಹೊದಿಸುವಷ್ಟು ಮೆಲ್ಲಗೆ.