ದೊಡ್ಡತ್ತೆಗೆ ಬಾಗಿನ ಒಯ್ದ ಎರಡು ದಿನ

ಸಾದಲಿಯಿಂದ ಶಿಡ್ಲಘಟ್ಟಕ್ಕೆ ಬೆಳಿಗ್ಗೆ ಏಳರ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ಎರಡು ಜೊತೆ ಮೊರಗಳಿದ್ದವು. ಗೌರಿ ಹಬ್ಬಕ್ಕೆ ಇನ್ನು ಆರು ದಿನ. ಕೊಟ್ಟ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗಬೇಕು. ನಮ್ಮ ಮನೆಯಿಂದ ಅದನ್ನು ಹೊರುತ್ತಿದ್ದವರು ತಾತ. ಚಿಂತಾಮಣಿಯಲ್ಲಿ ಚಿಕ್ಕತ್ತೆ, ಗೌರಿಬಿದನೂರಿನಲ್ಲಿ ದೊಡ್ಡತ್ತೆ. ಹೋದ ವರ್ಷ ಆಷಾಢದಲ್ಲಿ ತಾತ ತೀರಿಕೊಂಡರು. ಸಾವಾದ ಮನೆಯೆಂದು ಆ ವರ್ಷ ಹಬ್ಬ ಮಾಡಲಿಲ್ಲ. ಈ ಸಲ ಒಯ್ಯುವ ಗಂಡಸು ಮನೆಯಲ್ಲಿ ನಾನೊಬ್ಬನೇ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಹೋದರು. ಅಲ್ಲಿಗೆ ಸ್ಕೂಲು ಬಿಟ್ಟು ತಾತನ ಜೊತೆ ರೇಷ್ಮೆ ಹುಳ ಸಾಕಲು ನಿಂತೆ. ಇಪ್ಪತ್ತು ವರ್ಷದ ಮೇಲಾಯಿತು. ಒಂದು ಬೆಳೆಯನ್ನೂ ಹಾಳಾಗಲು ಬಿಟ್ಟವನಲ್ಲ, ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ.

ಶಿಡ್ಲಘಟ್ಟದಲ್ಲಿ ಇಳಿದಾಗ ರೇಷ್ಮೆಗೂಡು ತುಂಬಿದ ಆಟೋಗಳು ಮಾರುಕಟ್ಟೆಯ ಕಡೆ ನುಗ್ಗುತ್ತಿದ್ದವು. ತಾತ ಪ್ರತಿ ವರ್ಷ ಬಳೆ ಕೊಳ್ಳುತ್ತಿದ್ದ ಅಂಗಡಿಗೆ ಹೋದೆ. ಗಡ್ಡ ಪೂರ್ತಿ ಬೆಳ್ಳಗಾದ ಸಾಬರು ನನ್ನ ಕೈಲಿದ್ದ ಮೊರ ನೋಡಿಯೇ ಗುರುತು ಹಿಡಿದರು.

"ಸಾದಲಿ ತಾತನ ಮೊಮ್ಮಗ ಅಲ್ವಾ? ಎಲ್ಲಿ ಅವ್ರು? ಹೋದ್ ವರ್ಷಾನೂ ಬರ್ಲಿಲ್ಲ."

ಹೇಳಿದೆ. ಸಾಬರು ಬಳೆಯ ಡಬ್ಬಗಳನ್ನು ಕೆಳಗಿಳಿಸಿದರು. ಆಮೇಲೆ, "ಅಳತೆ ಗೊತ್ತೇನಪ್ಪಾ?" ಎಂದರು.

ಗೊತ್ತಿರಲಿಲ್ಲ.

"ನಂಗೊತ್ತು. ದೊಡ್ಡಮ್ಮಂಗೆ ಎರಡು-ಎಂಟು, ಚಿಕ್ಕಮ್ಮಂಗೆ ಎರಡು-ಆರು. ನಿಮ್ ತಾತ ಒಂದೊಂದೇ ಬಳೆ ಬೆಳಕಿಗೆ ಹಿಡ್ದು ನೋಡೋರು, ಬಿರುಕು ಇದ್ರೆ ಮಗಳ ಕೈಗೆ ಚುಚ್ತದೆ ಅಂತ. ನನ್ ಹೆಂಡತಿ ನಗೋಳು, ಈ ಮುದುಕ ಬಳೆ ತಗೊಳಾಕೆ ಬಂದ್ರೆ ಮಧ್ಯಾಹ್ನದ ಊಟ ಇಲ್ಲೇ ಅಂತ."

ತಾತ ಮೊದಲು ಗೌರಿಬಿದನೂರಿಗೆ ಹೋಗಿ, ಆಮೇಲೆ ಚಿಂತಾಮಣಿಗೆ ಬರುತ್ತಿದ್ದರು. ಹಿರಿಯಳಿಗೆ ಮೊದಲು ಎಂಬ ಲೆಕ್ಕ. ನಾನು ಚಿಂತಾಮಣಿಯ ಬಸ್ಸು ಹತ್ತಿದೆ. ಗೌರಿಬಿದನೂರಿನ ಬಾಗಿಲಿಗೆ ಹೋಗಲು ನನಗೆ ಧೈರ್ಯ ಸಾಲಲಿಲ್ಲ.

ಚಿಕ್ಕತ್ತೆ ಹೊಸಿಲಲ್ಲೇ ನಿಂತಿದ್ದಳು. "ರಾ ನಾಯನಾ," ಎಂದು ಒಳಗೆ ಕರೆದು ಸೆರಗೊಡ್ಡಿ ಮೊರ ತೆಗೆದುಕೊಂಡಳು. ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದಳು. ಬಡಿಸುತ್ತಾ ಕೇಳಿದಳು:

"ಅಕ್ಕನ ಮನೆಗೆ ಹೋಗ್ಬಂದ್ಯಾ?"

"ನಾಳೆ."

"ಅಂದ್ರೆ ಇನ್ನೂ ಹೋಗಿಲ್ಲ! ದೊಡ್ಡೋಳಿಗೆ ಮೊದ್ಲು ಕೊಡ್ಬೇಕು ಅಂತ ಗೊತ್ತಿಲ್ವೇನೋ? ಹುಳಕ್ಕೆ ಸೊಪ್ಪು ಹಾಕೋದು ಬಿಟ್ಟು ಇನ್ನೇನೂ ಕಲೀಲಿಲ್ವಲ್ಲೋ ನೀನು!" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ನೋಡಪ್ಪಾ ಮುನಿರಾಜು, ವರ್ಷದ ತಿಥಿಗೂ ಬರ್ಲಿಲ್ಲ ಅವ್ಳು. ಮೊರ ತಗೊಂಡ್ರೆ ಸರಿ. ವಾಪಸ್ ಕೊಟ್ಳು ಅಂದ್ರೆ ಅವಳಿಗೆ ತವರು ಮುಗೀತು ಅಂತಾನೇ ಅರ್ಥ. ಹುಷಾರು ಕಣಪ್ಪ."

ಮರುದಿನ ಶಿಡ್ಲಘಟ್ಟದ ಮೇಲೆಯೇ ಚಿಕ್ಕಬಳ್ಳಾಪುರಕ್ಕೆ ಬಂದೆ. ಮೋಡ ಮುಸುಕಿತ್ತು. ಸ್ಕಂದಗಿರಿಯ ತಲೆ ಕಾಣಿಸುತ್ತಿರಲಿಲ್ಲ. ಕಳವಾರದ ಕಡೆಯಿಂದ ಬೆಟ್ಟ ಇಳಿದು ಬಂದ ಹುಡುಗ ಹುಡುಗಿಯರು ಕೆಸರು ಮೆತ್ತಿದ ಬೂಟಿನಲ್ಲೇ ಬಸ್ ನಿಲ್ದಾಣದಲ್ಲಿ ಇಡ್ಲಿ ತಿನ್ನುತ್ತಿದ್ದರು. ನಾನು ಒಂದು ಟೀ ಕುಡಿದೆ. ಗೌರಿಬಿದನೂರಿನ ಒಂದು ಬಸ್ಸು ಕಣ್ಣೆದುರೇ ಹೊರಟುಹೋಯಿತು. ಹತ್ತಬಹುದಿತ್ತು, ಹತ್ತಲಿಲ್ಲ. ಮುಕ್ಕಾಲು ಗಂಟೆಯ ನಂತರ ಬಂದ ಇನ್ನೊಂದನ್ನು ಹತ್ತಿದೆ. ಮಂಚೇನಹಳ್ಳಿ ದಾಟುವಾಗ ಜಡಿಮಳೆ ಹಿಡಿಯಿತು. ಬಳೆ ನೆನೆಯದಿರಲಿ ಎಂದು ಮೊರಕ್ಕೆ ಟವೆಲ್ ಹೊದಿಸಿ ಕೂತೆ.

ಆಷಾಢದ ಆ ದಿನ ಬೆಳಗಿನ ಜಾವ ತಾತನ ಉಸಿರು ನಿಂತಿತ್ತು. ದೊಡ್ಡತ್ತೆ ಫೋನಿನಲ್ಲಿ ಕೂಗಿ ಹೇಳಿದ್ದಳು: "ಬರ್ತಾ ಇದೀನಿ, ಮುಖ ತೋರಿಸ್ದೆ ಎತ್ಬೇಡ ಕಣೋ!" ದಾರಿಯಲ್ಲಿ ಅವಳ ಬಸ್ಸು ಕೆಟ್ಟಿತು. ಇತ್ತ ನಮ್ಮ ಹುಳ ಹಣ್ಣಾಗಿತ್ತು. ಹಣ್ಣಾದ ಹುಳವನ್ನು ಅವತ್ತೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ನೂಲು ಬಿಟ್ಟು ಬೆಳೆ ಹಾಳು. ಊರವರೆಲ್ಲ ಹೆಣದ ಮುಂದೆ ಕೂತಿದ್ದರು, ಹುಳ ಆರಿಸಲು ಯಾರೂ ಇರಲಿಲ್ಲ. ಮಧ್ಯಾಹ್ನವಾಗುತ್ತಲೇ, "ಇನ್ನು ಎತ್ತೋಣ" ಎಂದವನು ನಾನು. ದೊಡ್ಡತ್ತೆ ಮನೆಗೆ ಬಂದಾಗ ಚಿತೆಯ ಬೆಂಕಿ ಇಳಿಯುತ್ತಾ ಇತ್ತು. ಹಿರಿಯರು ಅವಸರ ಮಾಡಿದರು ಎಂದು ಅವಳಿಗೆ ಹೇಳಿದೆ. ಹಾಗೆ ಹೇಳಿ ಹುಳದ ಮನೆಗೆ ಹೋದೆ.

ಗೌರಿಬಿದನೂರಿನಲ್ಲಿ ಇಳಿದಾಗ ಮಳೆ ನಿಂತಿತ್ತು. ದೊಡ್ಡತ್ತೆ ಜಗಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿದಳು. ಏಳಲಿಲ್ಲ.

"ಬಂದ್ಯಾ? ಚಿಂತಾಮಣಿಗೆ ಹೋಗ್ಬಂದಿದೀಯಂತೆ. ಅವ್ಳು ಫೋನ್ ಮಾಡಿದ್ಳು."

"ತಪ್ಪಾಯ್ತತ್ತೆ."

"ಯಾವ್ದು?"

ಮೊರವನ್ನು ಕೆಳಗಿಡಲಿಲ್ಲ. ನಿಂತೇ ಹೇಳಿಬಿಟ್ಟೆ. "ಹಿರಿಯರು ಯಾರೂ ಅವಸರ ಮಾಡ್ಲಿಲ್ಲತ್ತೆ. ಹುಳ ಹಣ್ಣಾಗಿತ್ತು. ನಾನೇ ಎತ್ತಿಸ್ದೆ."

ಕಡಲೆಕಾಯಿ ಬಿಡಿಸುವ ಕೈ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನನ್ನ ಎರಡ್ನೇ ಹೆರಿಗೆ ಇದೇ ಊರಲ್ಲಿ ಆಯ್ತು," ಎಂದಳು. "ಕಷ್ಟ ಆಗಿತ್ತು. ಬದುಕೋದಿಲ್ಲ ಅಂದಿದ್ರು. ಸುದ್ದಿ ಹೋದಾಗ ನಮ್ಮನೇಲಿ ಹುಳ ಹಣ್ಣಾಗಿತ್ತು. ಅಷ್ಟೂ ತಟ್ಟೆ ಹಂಗೇ ಬಿಟ್ಟು, ಸೊಪ್ಪಿನ ಕರೆ ಹತ್ತಿದ ಪಂಚೇಲೇ ಬಂದ ಅಪ್ಪ. ಮೂರು ದಿನ ಆಸ್ಪತ್ರೆ ಮೆಟ್ಲು ಬಿಟ್ಟು ಏಳ್ಲಿಲ್ಲ. ಕಣ್ಣು ಬಿಟ್ಟಾಗ ನಾನು ಕೇಳಿದ್ದು, ಹುಳ ಏನಾಯ್ತಪ್ಪಾ ಅಂತ. 'ಹುಳ ಬರೋ ತಿಂಗ್ಳೂ ಬರ್ತದೆ ಕಣಮ್ಮ' ಅಂದ."

ತಾತ ಒಂದು ಪೂರ್ತಿ ಬೆಳೆ ಬಿಟ್ಟಿದ್ದರು ಎಂಬುದು ನನಗೆ ತಿಳಿದಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೆಲಸ ಮಾಡಿದೆ, ಒಂದು ದಿನವೂ ಹೇಳಲಿಲ್ಲ. ನಾನು ತಲೆ ತಗ್ಗಿಸಿದೆ.

ಉಳಿದ ಕಡಲೆಕಾಯಿ ಬಿಡಿಸಿ ಮುಗಿಸಿ ಅವಳು ಎದ್ದಳು. ಕೈ ತೊಳೆದು, ಕುಂಕುಮ ಇಟ್ಟುಕೊಂಡು ಬಂದು ಸೆರಗು ಚಾಚಿದಳು. ಮೊರ ಕೊಟ್ಟೆ. ಒಳಗಿನ ಬಳೆ ಸದ್ದು ಮಾಡಿದವು.

"ಇದು ನಮ್ಮಪ್ಪನ ಮನೇದು, ತಗೊಂಡಿದೀನಿ. ನಿನ್ನ ಇನ್ನೂ ಕ್ಷಮಿಸಿಲ್ಲ," ಎಂದಳು. ಒಳಗೆ ಹೋಗಿ ಒಂದು ಚೀಲ ಹಿಡಿದು ಬಂದಳು. "ನಡಿ, ಅಪ್ಪನ್ನ ಸುಟ್ಟ ಜಾಗ ನೋಡ್ಬೇಕು, ಅವತ್ತು ಮನೇಲೇ ಕೂತುಬಿಟ್ಟೆ. ನಾಳೆ ವಾಪಸ್ ಬಂದ್ರೆ ಹಬ್ಬಕ್ಕೆ ಟೈಮಿದೆ. ಆಧಾರ್ ಕಾರ್ಡ್ ಇಟ್ಕೊಂಡಿದೀನಿ, ನಂಗೆ ಬಸ್ಸು ಫ್ರೀ. ನೀನು ಕೊಡು ದುಡ್ಡು."

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಕಂಡಕ್ಟರು ಬಂದು ಹೋದ. ಊರು ದಾಟಿತು. ಆಮೇಲೆ, ಹೊರಗೆ ನೋಡುತ್ತಲೇ ಕೇಳಿದಳು:

"ಹೇಳು. ಮುಖ ಹೆಂಗಿತ್ತು?"

ಹೇಳಿದೆ. ಎರಡು ದಿನದ ಗಡ್ಡ ಇತ್ತು ಎಂದೆ. ಎಡಗಣ್ಣು ಪೂರ್ತಿ ಮುಚ್ಚಿರಲಿಲ್ಲ, ನಾನೇ ಒತ್ತಿ ಮುಚ್ಚಿದೆ ಎಂದೆ. "ಬಾಯಿ?" ಎಂದಳು. "ತಲೆಗೆ ಏನ್ ಕಟ್ಟಿದ್ರಿ?" "ಹಣೆಗೆ ವಿಭೂತಿ ಇಟ್ಟೋರ್ಯಾರು?" ಒಂದನ್ನೂ ಬಿಡಲಿಲ್ಲ. ನೆನಪಿಲ್ಲ ಎಂದಾಗ, "ನೆನಪು ಮಾಡ್ಕೊ," ಎಂದಳು. ಚಿಕ್ಕಬಳ್ಳಾಪುರ ಬರುವವರೆಗೂ ನಾನು ಅವಳಿಗೆ ತಾತನ ಮುಖವನ್ನು ಹೇಳುತ್ತಲೇ ಇದ್ದೆ.