ದೊರೆಯ ಕಣ್ಣಿನ ಮೇಲೊಂದು ಏಟು

ಮಾರೇನಹಳ್ಳಿಯ ಗಲ್ಲಿಗೆ ಹಾಲಿನ ಗಾಡಿ ಬರುವ ಮುನ್ನವೇ ಮುನಿತಾಯಮ್ಮನ ಶೆಡ್ಡಿನಲ್ಲಿ ದೀಪ ಹತ್ತಿದೆ. ಹಲಗೆಯ ಮೇಲೆ ಅರಗು ಕರಗಿಸಿ ಹಿತ್ತಾಳೆಯ ನಾಣ್ಯವೊಂದನ್ನು ಒತ್ತಿ ಕೂರಿಸಿದ್ದಾರೆ. ಅದರ ಮೇಲೆ ರೋಮಿನ ದೊರೆಯ ಪಕ್ಕಮುಖ. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಸುತ್ತಿಗೆ ಮೇಲೇಳುತ್ತದೆ, ಅಲ್ಲೇ ನಿಲ್ಲುತ್ತದೆ.

"ಕೈ ಮಾತು ಕೇಳ್ತಿಲ್ಲ," ಎನ್ನುತ್ತಾರೆ. "ಮುಖಕ್ಕೆ ಹೊಡೀಬೇಡ ಅಂತ ಇಷ್ಟು ವರ್ಷ ಕಲ್ಸಿ, ಈಗ ಹೊಡಿ ಅಂದ್ರೆ?"

ಐವತ್ತೆಂಟರ ಮುನಿತಾಯಮ್ಮ ದೇವರಿಗೆ ಬೆಳ್ಳಿಯ ಮುಖವಾಡ ಮಾಡುವವರು. ರಾಜಾಜಿನಗರ, ಬಸವೇಶ್ವರನಗರದ ಎಷ್ಟೋ ಗುಡಿಗಳಲ್ಲಿ ಜನ ಕೈಮುಗಿಯುವ ಮುಖಗಳು ಇವರ ಕೈಯವು. ಹೆಸರು ಮಾತ್ರ ಅಂಗಡಿಯದು. ರಾಗಿ ಬೆಳೆಯುತ್ತಿದ್ದ ಮನೆಯ ಮಗಳು ಬೆಳ್ಳಿ ಕೆಲಸದ ಸುಬ್ರಮಣಿ ಆಚಾರ್ ಅವರ ಅಂಗಡಿಗೆ ಬಂದದ್ದು ಅಂಟುವಾಳದ ನೀರಲ್ಲಿ ಬೆಳ್ಳಿ ಉಜ್ಜಲು. "ಹೆಂಗಸ್ರ ಕೈಗೆ ಉಳಿ ಕೊಟ್ರೆ ಬೆಳ್ಳಿಗೆ ಗ್ರಹಚಾರ ಅಂತ ಅಲ್ಲಿನ ಕೆಲಸದೋರು ನಗೋರು. ಅವ್ರು ಊಟಕ್ಕೆ ಎದ್ದಾಗ ಹಳೇ ತಗಡಲ್ಲಿ ಮೂಗು ಕೆತ್ತೋದು, ಕಿವಿ ಕೆತ್ತೋದು. ಹಂಗೇ ಕಲ್ತೆ."

ಮೂಗು ಕಂಡ ಆಚಾರ್ರು ಬೈಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡರು. ಕಸುಬಿನ ಜೊತೆ ಒಂದು ಕಟ್ಟಳೆಯನ್ನೂ ಕೊಟ್ಟರು: ಗೆರೆ ಕೆತ್ತಿ ಕಣ್ಣು ಬಿಡಿಸುವುದು ಕೊನೆಯ ಕೆಲಸ. ಕಣ್ಣು ಬಿಟ್ಟ ಮುಖಕ್ಕೆ ಮತ್ತೆ ಕಬ್ಬಿಣ ಸೋಕಿಸಕೂಡದು. ಆಚಾರ್ರು ಈಗಿಲ್ಲ, ಕಟ್ಟಳೆ ಇದೆ.

ಅದಕ್ಕೆ ಈಗ ಪೆಟ್ಟು ಬಿದ್ದಿದೆ. ದಕ್ಷಿಣ ಭಾರತದಲ್ಲಿ ಸಿಕ್ಕ ಕೆಲವು ಪ್ರಾಚೀನ ರೋಮನ್ ನಾಣ್ಯಗಳಲ್ಲಿ ದೊರೆಯ ತಲೆಯ ಮೇಲೆ ಬೇಕೆಂದೇ ಕಡಿದ ಗುರುತಿದೆ. ಲೋಹ ಪರೀಕ್ಷಿಸಲೋ, ಚಲಾವಣೆ ನಿಲ್ಲಿಸಲೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹತ್ತಿರದ ಶಾಲೆಯ ಇತಿಹಾಸದ ಮೇಷ್ಟ್ರಮ್ಮ ಕೀರ್ತನಾ, ಮಕ್ಕಳು ಮುಟ್ಟಿ ನೋಡಲಿ ಎಂದು ಅಂಥ ಮೂವತ್ತು ಪ್ರತಿಕೃತಿಗಳನ್ನು ಕೇಳಿದ್ದಾರೆ. ಅಚ್ಚಿನಲ್ಲಿ ಕಣ್ಣು ಮಸುಕಾಗಿ ಬರುತ್ತದೆ, ಅದನ್ನು ಕೈಯಿಂದಲೇ ಬಿಡಿಸಬೇಕು.

ಮುನಿತಾಯಮ್ಮ ಮೊದಲು ಉಪಾಯ ಹೂಡಿದರು. ಮುಖ ಕಡಿದು, ಆಮೇಲೆ ಕಣ್ಣು ಬಿಡಿಸಿದರು. ಕಟ್ಟಳೆ ಉಳಿಯಿತು. ಕೀರ್ತನಾ ಭೂತಗನ್ನಡಿ ಹಿಡಿದು ನಿಟ್ಟುಸಿರಿಟ್ಟರು. ಕಣ್ಣಿನ ಗೆರೆ ಕಡಿತದ ಒಳಗೂ ಹಾದುಹೋಗಿತ್ತು. ಯಾವ ಗೆರೆಯನ್ನು ಯಾವುದು ತುಂಡರಿಸಿದೆ ಎಂಬುದರಿಂದಲೇ ಹಿಂದುಮುಂದು ತಿಳಿಯುವುದು. "ಆಂಟಿ, ಹೀಗಿದ್ರೆ ಗಾಯ ಮೊದಲು, ದೊರೆ ಆಮೇಲೆ ಹುಟ್ಟಿದ ಹಾಗಾಗತ್ತೆ. ಮಕ್ಕಳು ಕೇಳಿದ್ರೆ ಏನು ಹೇಳ್ಲಿ?"

ಎಲ್ಲವನ್ನೂ ಕರಗಿಸಿ, ಒಂದೆರಡು ಹೆಚ್ಚಿಗೇ ಇರಲಿ ಎಂದು ಮತ್ತೆ ಎರಕ ಹೊಯ್ದಾಯಿತು. ಕಣ್ಣೂ ಬಿಡಿಸಿಯಾಯಿತು. ಇವತ್ತು ಒಪ್ಪಿಸಬೇಕು.

ಕಾಫಿ ಲೋಟ ಹಿಡಿದು ಬಂದ ಗಂಡ ಕೆಂಪಯ್ಯ ಸುಮ್ಮನಿರುವವರಲ್ಲ. "ಎರಡು ಸಾವಿರ ವರ್ಷದ ಹಿಂದೆ ಸತ್ತೋನಿಗೆ ಹೆದರ್ತೀಯಲ್ಲೇ! ಅವನ ದಂಡು ಬಂದ್ರೂ ಮಾಗಡಿ ರೋಡ್ ಟ್ರಾಫಿಕ್ ದಾಟೋಷ್ಟರಲ್ಲಿ ಸಂಜೆ ಆಗತ್ತೆ ಕಣೇ."

"ಅವನಿಗೆ ಯಾರು ಹೆದರ್ತಾರೆ? ಆಚಾರ್ರಿಗೆ."

ಸುತ್ತಿಗೆ ಬೀಳುತ್ತದೆ. ಅಳುಕಿದ ಏಟು, ಕಣ್ಣಿನ ಹತ್ತಿರ ಹೋಗಿ ಸತ್ತಿದೆ. ಮುನಿತಾಯಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ.

"ಇದು ಕೈ ಜಾರಿದ ಗೀರು. ಆಚಾರ್ರು ಬೇಡ ಅಂದಿದ್ದು ಇದನ್ನೇ. ಪೂಜೆಗೆ ಕೂರೋ ಮುಖದಲ್ಲಿ ನಮ್ಮ ತಪ್ಪು ಉಳೀಬಾರ್ದು ಅಂತ. ಆವತ್ತು ಕಡಿದೋನು ತಪ್ಪು ಮಾಡ್ಲಿಲ್ಲ. ತಿಳಿದೇ ಹೊಡ್ದ."

ಆ ನಾಣ್ಯವನ್ನು ಕರಗಿಸುವ ಬುಟ್ಟಿಗೆ ಎಸೆದು ಇನ್ನೊಂದನ್ನು ಕೂರಿಸುತ್ತಾರೆ. ಉಳಿಯನ್ನು ದೊರೆಯ ಹುಬ್ಬಿಗೆ ನೇರವಾಗಿ ಇಡುತ್ತಾರೆ. ಒಂದೇ ಏಟು. ಕಣ್ಣು ಎರಡು ತುಂಡಾಗುತ್ತದೆ, ಅಂಚು ಚೊಕ್ಕ.

ಮಧ್ಯಾಹ್ನ ಕೀರ್ತನಾ ಒಂದೊಂದನ್ನೇ ಭೂತಗನ್ನಡಿಯಡಿ ಹಿಡಿದು ಮೆಚ್ಚಿ ತಲೆಯಾಡಿಸುತ್ತಾರೆ. ಮಕ್ಕಳಿಗೆ ಏನಾದರೂ ಹೇಳಬೇಕೇ ಎಂದು ಕೇಳುತ್ತಾರೆ.

ಮುನಿತಾಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಕಣ್ಣು ಬಿಡ್ಸಿದ್ದೂ ನಾನೇ, ಕಡಿದಿದ್ದೂ ನಾನೇ ಅಂತ ಹೇಳಿ ಮಿಸ್. ಎರಡ್ರಲ್ಲೂ ಕೈ ಜಾರಿಲ್ಲ."